ಉಪ್ಪು ಉಂಡ ಮಣ್ಣು

(ಗೆಳೆಯರ ಬಳಗದ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಚೂರನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ನೋಡಿ, ಮುಟ್ಟಿ, ಹಿಂದಿನ ಸಾಲಿಗೆ ಸಾಗಿಸಿ. ಅಂಚು ಚೂಪಾಗಿದೆ, ಸ್ವಲ್ಪ ಜೋಪಾನ. ಇವತ್ತು ನಾನು ಇಂಗ್ಲೆಂಡಿನ ಹಳೆಯ ಸಾಲ್ಟ್ ಗ್ಲೇಜ್ ಪಾತ್ರೆಗಳ, ಅಂದರೆ ಉಪ್ಪಿನಿಂದ ಹೊಳಪು ಬಂದ ಮಣ್ಣಿನ ಪಾತ್ರೆಗಳ ಬಗ್ಗೆ ಮಾತಾಡುತ್ತೇನೆ. ಆದರೆ ಈ ಚೂರು ಇಂಗ್ಲೆಂಡಿನದ್ದಲ್ಲ. ಮೈಸೂರಿನ ನಮ್ಮ ಹಳೆ ಮನೆಯ ಬಚ್ಚಲು ನೀರು ಹೋಗುತ್ತಿದ್ದ ಪೈಪಿನ ಚೂರು. ಪಿವಿಸಿ ಬರುವ ಮುಂಚೆ ನಮ್ಮ ಊರುಗಳಲ್ಲಿ ಮನೆಯಿಂದ ಬೀದಿ ಚರಂಡಿಯವರೆಗೆ ಇಂಥ ಕಂದು ಬಣ್ಣದ ಸ್ಟೋನ್‌ವೇರ್, ಅಂದರೆ ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣಿನ, ಪೈಪುಗಳನ್ನೇ ಹೂಳುತ್ತಿದ್ದರು. ನಾನು ಚಿಕ್ಕವನಿದ್ದಾಗ ಅಂಗಳ ಅಗೆದು ಪೈಪು ಬದಲಾಯಿಸಿದರು. ಒಡೆದ ಚೂರುಗಳನ್ನು ಗುಡ್ಡೆ ಹಾಕಿದ್ದರು. ಅಷ್ಟು ವರ್ಷ ಕೊಳಕು ನೀರು ಹರಿದರೂ, ಒಂದು ಬಕೆಟ್ ನೀರು ಸುರಿದ ಕೂಡಲೇ ಅವು ಗಾಜಿನ ಹಾಗೆ ಹೊಳೆದವು. ಆ ಹೊಳಪು ನನ್ನ ತಲೆಯಲ್ಲಿ ಉಳಿದುಹೋಯಿತು.

ಈಗ ಹೆಬ್ಬೆರಳಿನಿಂದ ಅದರ ಮೇಲೆ ನಿಧಾನವಾಗಿ ಸವರಿ. ಕಣ್ಣಿಗೆ ನುಣುಪಾಗಿ ಕಾಣುತ್ತದೆ, ಆದರೆ ಬೆರಳಿಗೆ ಸಣ್ಣ ಸಣ್ಣ ಗುಳಿ ಸಿಗುತ್ತದೆ ಅಲ್ವಾ? ಕಿತ್ತಳೆ ಸಿಪ್ಪೆಯ ಹಾಗೆ. ಅದು ಉಪ್ಪಿನ ಕೆಲಸ. ಇವತ್ತು ನಾನು ಹೇಳುವ ಪಾತ್ರೆಗಳನ್ನೆಲ್ಲ ಕಣ್ಣಿಗಿಂತ ಮೊದಲು ಬೆರಳು ಗುರುತಿಸುತ್ತದೆ. ಅದನ್ನು ಕಲಿಯಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಅಷ್ಟೂ ವರ್ಷ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಿದ್ದೆ. ಮಡಕೆ ಕುಡಿಕೆಯಿಂದಲೇ ಹೆಸರಾದ ಸೀಮೆ ಅದು.

ಸಾಮಾನ್ಯವಾಗಿ ಪಿಂಗಾಣಿ ಪಾತ್ರೆಗೆ ಹೊಳಪು ಬರಬೇಕಾದರೆ ಗ್ಲೇಜ್ ಅನ್ನುವ ದ್ರಾವಣದಲ್ಲಿ ಅದ್ದುತ್ತಾರೆ, ಇಲ್ಲವೇ ಮೇಲೆ ಬಳಿಯುತ್ತಾರೆ. ಆಮೇಲೆ ಸುಡುತ್ತಾರೆ. ಸಾಲ್ಟ್ ಗ್ಲೇಜ್‌ನಲ್ಲಿ ಹೊಳಪನ್ನು ಬಳಿಯುವುದೇ ಇಲ್ಲ. ಹಸಿ ಪಾತ್ರೆಗಳನ್ನು ಆವಿಗೆಯಲ್ಲಿ ಜೋಡಿಸಿ ಬೆಂಕಿ ಕೊಡುತ್ತಾರೆ. ಶಾಖ 1200 ಡಿಗ್ರಿ ಸೆಲ್ಸಿಯಸ್ ದಾಟಬೇಕು. ನಮ್ಮ ಕುಂಬಾರರ ಕೆಂಪು ಮಡಕೆಯ ಮಣ್ಣು ಆ ಶಾಖಕ್ಕೆ ಕುಸಿದುಬೀಳುತ್ತದೆ. ಅದಕ್ಕೆ ಬೇರೆ ಜಾತಿಯ ಮಣ್ಣೇ ಬೇಕು. ಬೆಂಕಿ ಹದಕ್ಕೆ ಬಂದಾಗ ಆವಿಗೆಯೊಳಕ್ಕೆ ಉಪ್ಪು ಎಸೆಯುತ್ತಾರೆ. ಹೌದು, ನಾವು ಸಾರಿಗೆ ಹಾಕುವ ಉಪ್ಪೇ. ಅದು ಚಟಪಟ ಸಿಡಿದು ಆವಿಯಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಹೋಗಿ ಮಣ್ಣಿನಲ್ಲಿರುವ ಮರಳಿನ ಅಂಶವನ್ನು, ಅಂದರೆ ಸಿಲಿಕಾವನ್ನು, ಹಿಡಿದುಕೊಳ್ಳುತ್ತದೆ. ಎರಡೂ ಸೇರಿ ತೆಳ್ಳಗಿನ ಗಾಜಾಗುತ್ತದೆ. ಹಾಗಾಗಿ ಈ ಹೊಳಪು ಪಾತ್ರೆಗೆ ತೊಡಿಸಿದ ಅಂಗಿಯಲ್ಲ, ಪಾತ್ರೆಯ ಚರ್ಮವೇ ಗಾಜಾಗಿರುವುದು. ಉಪ್ಪಿನ ಇನ್ನೊಂದು ಭಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಹೊರಗೆ ಹೋಗುತ್ತದೆ. ಆ ಹೊಗೆಯ ಕಥೆಗೆ ಆಮೇಲೆ ಬರುತ್ತೇನೆ.

ಈ ವಿದ್ಯೆ ಹುಟ್ಟಿದ್ದು ಜರ್ಮನಿಯ ರೈನ್ ನದಿಯ ಸೀಮೆಯಲ್ಲಿ. ಕಲೋನ್, ಫ್ರೆಖೆನ್ ಮುಂತಾದ ಊರುಗಳಿಂದ ಹಡಗುಗಟ್ಟಲೆ ಹೂಜಿಗಳು ಲಂಡನ್ನಿಗೆ ಬರುತ್ತಿದ್ದವು. ಅವುಗಳ ಕತ್ತಿನ ಮೇಲೆ ಗಡ್ಡದ ಮನುಷ್ಯನ ಮುಖ ಒತ್ತಿರುತ್ತಿತ್ತು. ಕಾರ್ಡಿನಲ್ ಬೆಲರ್ಮಿನ್ ಎನ್ನುವ ಕ್ಯಾಥೊಲಿಕ್ ಧರ್ಮಗುರುವಿನ ಹೆಸರನ್ನು ಇಂಗ್ಲಿಷರು ಈ ಹೂಜಿಗಳಿಗೆ ಅಂಟಿಸಿದರು. ಇವತ್ತಿಗೂ ಅವಕ್ಕೆ ಬೆಲರ್ಮಿನ್ ಎಂದೇ ಹೆಸರು. 17ನೇ ಶತಮಾನದಲ್ಲಿ ಮಾಟಕ್ಕೆ ಹೆದರಿದ ಜನ ಇಂಥ ಹೂಜಿಯಲ್ಲಿ ಮೂತ್ರ, ಬಗ್ಗಿಸಿದ ಮೊಳೆ, ಗುಂಡುಪಿನ್ನು, ಕೂದಲು, ಉಗುರು ತುಂಬಿ, ಬಾಯಿ ಬಿಗಿದು, ಒಲೆಯ ಕೆಳಗೋ ಹೊಸಿಲ ಕೆಳಗೋ ಹೂಳುತ್ತಿದ್ದರು. 2004ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಒಂದು ಸಿಕ್ಕಿತು. ಬಾಯಿ ಬಿಗಿದದ್ದು ಹಾಗೇ ಇತ್ತು. ಒಳಗಿನ ದ್ರವ ಪರೀಕ್ಷಿಸಿದರೆ ಮನುಷ್ಯರ ಮೂತ್ರವೇ, ಅದರಲ್ಲಿ ತಂಬಾಕಿನ ನಿಕೋಟಿನ್ ಕೂಡ ಇತ್ತು. ಮುನ್ನೂರಕ್ಕೂ ಜಾಸ್ತಿ ವರ್ಷ ಒಂದು ಹನಿ ಸೋರದೆ ಮಣ್ಣಿನೊಳಗೆ ಇತ್ತು ಅದು! ಸ್ಟೋನ್‌ವೇರ್ ಅಂದರೆ ಎಷ್ಟು ಗಟ್ಟಿ ಎಂದು ಯಾರಾದರೂ ಕೇಳಿದರೆ ನಾನು ಈ ಹೂಜಿಯ ಕಥೆ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಈ ಗುಟ್ಟನ್ನು ಬಿಡಿಸಿ, ವ್ಯಾಪಾರವಾಗಿ ನಿಲ್ಲಿಸಿದವರು ಜಾನ್ ಡ್ವೈಟ್. ಅವರು ಹುಟ್ಟು ಕುಂಬಾರರಲ್ಲ. ಆಕ್ಸ್‌ಫರ್ಡಿನಲ್ಲಿ ಓದಿ, ವಿಜ್ಞಾನಿ ರಾಬರ್ಟ್ ಬಾಯ್ಲ್ ಹತ್ತಿರ ಕೆಲಸ ಮಾಡಿ, ಆಮೇಲೆ ಚರ್ಚಿನ ಕಚೇರಿಯಲ್ಲಿ ನೌಕರಿಯಲ್ಲಿದ್ದವರು. 1672ರಲ್ಲಿ ರಾಜ ಎರಡನೇ ಚಾರ್ಲ್ಸ್‌ನಿಂದ ಪೇಟೆಂಟ್ ಪಡೆದರು. ಹದಿನಾಲ್ಕು ವರ್ಷ ಕಲೋನ್ ಮಾದರಿಯ ಸ್ಟೋನ್‌ವೇರನ್ನು ಇಂಗ್ಲೆಂಡಿನಲ್ಲಿ ಅವರೊಬ್ಬರೇ ಮಾಡಬಹುದು ಎನ್ನುವ ಹಕ್ಕು. 1684ರಲ್ಲಿ ಮತ್ತೆ ಪಡೆದರು. ಲಂಡನ್ನಿನ ಫುಲಮ್‌ನಲ್ಲಿ ಅವರ ಆವಿಗೆ ಇತ್ತು.

ಡ್ವೈಟ್ ಅವರಿಗೆ ಲಿಡಿಯಾ ಎಂಬ ಮಗಳಿದ್ದಳು. ಆರು ವರ್ಷದ ಮಗು. ತೀರಿಕೊಂಡಳು. ಡ್ವೈಟ್ ಆ ಮಗುವಿನ ಪ್ರತಿಮೆಯನ್ನು ತಮ್ಮ ಆವಿಗೆಯಲ್ಲೇ ಸುಡಿಸಿದರು. ಅದು ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎದೆಯವರೆಗಿನ ಮಗು. ತಲೆ ದಿಂಬಿನ ಮೇಲಿದೆ. ಕಣ್ಣು ಮುಚ್ಚಿದೆ. ಕೈಯಲ್ಲಿ ಹೂವಿನ ಗೊಂಚಲು. ತಲೆಯ ಸುತ್ತ ಕಟ್ಟಿದ ಲೇಸ್ ಬಟ್ಟೆಯ ಒಂದೊಂದು ನೂಲೂ ಕಾಣುತ್ತದೆ. ಹಿಂದುಗಡೆ ಹಸಿ ಮಣ್ಣಿನಲ್ಲಿ ಅವಳ ಹೆಸರು ಮತ್ತು ತೀರಿಕೊಂಡ ದಿನ ಗೀರಿದ್ದಾರೆ: ಮಾರ್ಚ್ 3, 1673. ನಮ್ಮ ಲೆಕ್ಕಕ್ಕೆ ಅದು 1674. ಆ ಕಾಲದ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಇನ್ನೊಂದು ಚಿಕ್ಕ ಪ್ರತಿಮೆಯೂ ಅಲ್ಲೇ ಇದೆ. ಅದರಲ್ಲಿ ಅದೇ ಮಗು ಶವದ ಬಟ್ಟೆ ಹೊದ್ದು ಎದ್ದು ನಿಂತಿದೆ, ಕಾಲ ಬಳಿ ತಲೆಬುರುಡೆ.

ನಾನು ಮೊದಲ ಸಲ ಅದನ್ನು ನೋಡಿದಾಗ ನನ್ನ ಮಗಳಿಗೂ ಆರು ವರ್ಷ. ಅವಳ ಕೈ ಹಿಡಿದುಕೊಂಡೇ ನೋಡಿದೆ. ಗಾಜಿನ ಪೆಟ್ಟಿಗೆಯ ಆಚೆ ಇರುವುದರಿಂದ ಮುಟ್ಟುವ ಹಾಗಿಲ್ಲ. ಆದರೆ ಇಷ್ಟು ಮಾತ್ರ ತಿಳಿಯಿತು. ದಪ್ಪ ಗ್ಲೇಜ್ ಬಳಿದಿದ್ದರೆ ಆ ಲೇಸಿನ ನೂಲು, ರೆಪ್ಪೆಯ ಗೆರೆ ಎಲ್ಲ ತುಂಬಿಹೋಗುತ್ತಿತ್ತು. ಉಪ್ಪಿನ ಹೊಳಪು ಎಷ್ಟು ತೆಳು ಎಂದರೆ, ಮಣ್ಣಿನ ಮೇಲೆ ಕೈ ಮಾಡಿದ ಯಾವ ಗೆರೆಯನ್ನೂ ಅದು ಮುಚ್ಚುವುದಿಲ್ಲ. ಅವತ್ತಿನಿಂದ ನಾನು ಈ ಪಾತ್ರೆಗಳ ಹಿಂದೆ ಬಿದ್ದೆ.

ಡ್ವೈಟ್ ತಮ್ಮ ಹಕ್ಕನ್ನು ಬಿಟ್ಟುಕೊಡುವವರಲ್ಲ. 1690ರ ದಶಕದಲ್ಲಿ ಹಲವರ ಮೇಲೆ ಕೋರ್ಟಿಗೆ ಹೋದರು. ಸ್ಟಾಫರ್ಡ್‌ಷೈರಿನ ವೆಜ್‌ವುಡ್ ಮನೆತನದವರು, ಹೊರದೇಶದಿಂದ ಬಂದ ಎಲರ್ಸ್ ಅಣ್ಣತಮ್ಮಂದಿರು, ನಾಟಿಂಗ್‌ಹ್ಯಾಮಿನ ಜೇಮ್ಸ್ ಮಾರ್ಲಿ ಎಲ್ಲರೂ ಅದರಲ್ಲಿದ್ದಾರೆ. 1698ಕ್ಕೆ ಎರಡನೇ ಪೇಟೆಂಟೂ ಮುಗಿಯಿತು. ಆಮೇಲೆ ಊರೂರಲ್ಲಿ ಸಾಲ್ಟ್ ಗ್ಲೇಜ್ ಆವಿಗೆಗಳು ಎದ್ದವು.

ನಾಟಿಂಗ್‌ಹ್ಯಾಮಿನ ಪಾತ್ರೆಗಳದ್ದು ಬೇರೆಯೇ ಮೈಬಣ್ಣ. ಚೆನ್ನಾಗಿ ಹುರಿದ ಕಾಫಿ ಬೀಜದ ಹಾಗೆ ಕಂದು, ಮೇಲೆ ಲೋಹದಂಥ ಮಿನುಗು. ಕಬ್ಬಿಣದ ಅಂಶವಿರುವ ನೀರುಮಣ್ಣು ಬಳಿದು ಉಪ್ಪು ಹಾಕಿದರೆ ಹಾಗೆ ಬರುತ್ತದೆ. ಮದುವೆಗೋ ಮಗುವಿನ ನಾಮಕರಣಕ್ಕೋ ಮಾಡಿಸಿದ ಎರಡು ಹಿಡಿಯ ದೊಡ್ಡ ಬಟ್ಟಲುಗಳ ಮೇಲೆ ಹೆಸರು, ಇಸವಿ ಗೀರಿರುತ್ತಾರೆ. ನಮ್ಮಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಸುತ್ತೇವಲ್ಲ, ಹಾಗೇ. ಇನ್ನು ಕರಡಿ ಹೂಜಿಗಳು. ಕೂತ ಕರಡಿಯ ಆಕಾರ. ಮೈತುಂಬ ಮಣ್ಣಿನ ಸಣ್ಣ ತುರಿ ಉದುರಿಸಿ ಕೂದಲಿನ ಹಾಗೆ ಮಾಡಿರುತ್ತಾರೆ. ತಲೆ ಬೇರೆ ಮಾಡಿದರೆ ಅದೇ ಕುಡಿಯುವ ಬಟ್ಟಲು. ಕರಡಿಯನ್ನು ಕಟ್ಟಿಹಾಕಿ ನಾಯಿ ಬಿಡುವ ಆಟ ಆಗ ಇಂಗ್ಲೆಂಡಿನಲ್ಲಿ ಜೋರಾಗಿತ್ತು. ಕೈಚಳಕ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಮೂತಿಗೆ ಹಾಕಿದ ಸರಪಳಿ ನೋಡಿದರೆ ನನಗೆ ಮನಸ್ಸು ಒಪ್ಪುವುದಿಲ್ಲ. ಇವತ್ತಿನವರೆಗೂ ಅಂಥದ್ದನ್ನು ಕೊಳ್ಳಲು ಹೋಗಿಲ್ಲ.

ಈ ಮೇಜಿನ ಮೇಲಿರುವ ಮಗ್ ನೋಡಿ. ಇದು ನಾನು ಕೊಂಡ ಮೊದಲ ಹಳೆಯ ಪಾತ್ರೆ. ಲಂಡನ್ನಿನ ಹೆಂಡದಂಗಡಿಯ ಮಗ್. ಮೇಲಿನ ಅರ್ಧ ಕಂದು, ಕೆಳಗಿನ ಅರ್ಧ ಬೂದು. ಹಿಡಿ ಮುರಿದಿದೆ, ಹಾಗಾಗಿ ಬೆಲೆ ನನ್ನ ಕೈಗೆ ಎಟುಕಿತು. ಬಾಯಿಯ ಹತ್ತಿರ ಒಂದು ಸಣ್ಣ ಮುದ್ರೆ ಇದೆ. ಕಿರೀಟ, ಅದರ ಕೆಳಗೆ ಡಬ್ಲ್ಯು ಮತ್ತು ಆರ್ ಅಕ್ಷರ. ಅಂದರೆ ವಿಲಿಯಂ ರೆಕ್ಸ್, ವಿಲಿಯಂ ರಾಜ. ಅಂಗಡಿಯವರು ಅಳತೆಯಲ್ಲಿ ಮೋಸ ಮಾಡಬಾರದು ಎಂದು 1700ರಲ್ಲಿ ಒಂದು ಕಾಯ್ದೆ ಜಾರಿಗೆ ಬಂತು. ಬಿಯರ್ ಮಾರುವ ಮಗ್ಗಿನ ಅಳತೆ ಸರಿಯಿದೆ ಎನ್ನಲು ಈ ಮುದ್ರೆ. ನಮ್ಮ ಸೇರು, ಪಾವಿನ ಮೇಲೆ ಸರ್ಕಾರದ ಮುದ್ರೆ ಇರುತ್ತಿತ್ತಲ್ಲ, ಅದೇ ಕೆಲಸ.

ವಿಲಿಯಂ ತೀರಿಕೊಂಡದ್ದು 1702ರಲ್ಲಿ. ಹಾಗಾದರೆ ಈ ಮಗ್ 1702ಕ್ಕಿಂತ ಹಿಂದಿನದು ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡೆ. ಆದರೆ ರಾಜ ಹೋದಮೇಲೂ ಅದೇ ಮುದ್ರೆಯನ್ನು ಎಷ್ಟೋ ದಶಕ ಒತ್ತುತ್ತಲೇ ಇದ್ದರು. ಆದ್ದರಿಂದ ಮುದ್ರೆಯೊಂದನ್ನೇ ನಂಬಿ ಕಾಲ ಹೇಳಬಾರದು. ಮಗ್ಗಿನ ಆಕಾರ, ಬುಡದ ಉಂಗುರದ ಗೆರೆಗಳು, ಹಿಡಿ ಕೂಡಿಸಿದ ರೀತಿ ಎಲ್ಲ ನೋಡಬೇಕು. ಬೆಳ್ಳಿಯ ಅಂಚು ಕಟ್ಟಿಸಿದ ಮಗ್ ಸಿಕ್ಕರೆ ಬೆಳ್ಳಿಯ ಮೇಲಿನ ಹಾಲ್‌ಮಾರ್ಕ್ ಇಸವಿ ಹೇಳುತ್ತದೆ. ಅದೂ ಬೆಳ್ಳಿಯ ವಯಸ್ಸು, ಮಣ್ಣಿನದ್ದಲ್ಲ. ಹಳೆ ಮಗ್ಗಿಗೆ ಹೊಸ ಅಂಚು ಕಟ್ಟಿಸಿರಬಹುದು.

ಇನ್ನು ನನ್ನ ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಬಿಳಿ ಸಾಲ್ಟ್ ಗ್ಲೇಜ್.

1700ರ ಆಚೆ ಇಂಗ್ಲೆಂಡಿನ ಮನೆಗಳಿಗೆ ಟೀ ನುಗ್ಗಿತು. ಟೀ ಜೊತೆಗೆ ಚೀನಾದ ಬಿಳಿ ಪಿಂಗಾಣಿಯ ಆಸೆಯೂ ಬಂತು. ಅದು ದುಬಾರಿ. ಕಂದು ಮಗ್ಗಿನಲ್ಲಿ ಟೀ ಕುಡಿಯಲು ಯಾರಿಗೂ ಮನಸ್ಸಿಲ್ಲ. ಸ್ಟಾಫರ್ಡ್‌ಷೈರಿನ ಕುಂಬಾರರು ಸುಮಾರು 1720ರ ಹೊತ್ತಿಗೆ ದಾರಿ ಕಂಡುಕೊಂಡರು. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್‌ನಿಂದ ಬಿಳಿ ಜೇಡಿಮಣ್ಣು ತರಿಸಿದರು. ಚಕಮಕಿ ಕಲ್ಲನ್ನು ಸುಟ್ಟು, ಪುಡಿ ಮಾಡಿ ಅದಕ್ಕೆ ಬೆರೆಸಿದರು. ಕಪ್ಪು ಚಕಮಕಿ ಸುಟ್ಟರೆ ಸುಣ್ಣದಷ್ಟು ಬೆಳ್ಳಗಾಗುತ್ತದೆ. ಈ ಕಲ್ಲು, ಈ ಮಣ್ಣು ಎಲ್ಲ ಹಡಗಿನಲ್ಲಿ ಬಂದು, ಬಂದರಿನಿಂದ ಕುದುರೆ ಬೆನ್ನ ಮೇಲೆ ಒಳನಾಡಿಗೆ ಬರಬೇಕಿತ್ತು. ಕಾಲುವೆ ಇನ್ನೂ ತೋಡಿರಲಿಲ್ಲ. ಉಪ್ಪಿಗೆ ಮಾತ್ರ ಕಷ್ಟವಿರಲಿಲ್ಲ. ಪಕ್ಕದ ಚೆಷೈರ್ ಉಪ್ಪಿಗೇ ಹೆಸರಾದ ಸೀಮೆ.

ಆ ಬಿಳುಪಿಗೆ ಜನ ಪ್ರಾಣ ತೆತ್ತರು. ಇದನ್ನು ಹೇಳದೆ ಮುಂದೆ ಹೋಗಲಾರೆ. ಚಕಮಕಿಯನ್ನು ಒಣಗಿದ್ದ ಹಾಗೇ ಕುಟ್ಟುತ್ತಿದ್ದರು. ಆ ದೂಳು ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಇವತ್ತು ಸಿಲಿಕೋಸಿಸ್ ಎನ್ನುತ್ತೇವೆ. 1726ರಲ್ಲಿ ಥಾಮಸ್ ಬೆನ್ಸನ್ ಎಂಬುವರು ನೀರಿನಲ್ಲಿ ಅರೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಎಂಥ ಗಟ್ಟಿಮುಟ್ಟಾದ ಆಳನ್ನೂ ಈ ದೂಳು ಉಳಿಸುವುದಿಲ್ಲ ಎಂದು ಆ ಪೇಟೆಂಟಿನಲ್ಲೇ ಬರೆದಿದ್ದಾರೆ. ದೋಸೆ ಹಿಟ್ಟು ಅರೆದ ಹಾಗೆ ಒದ್ದೆಯಾಗಿ ಅರೆದರೆ ದೂಳು ಏಳುವುದಿಲ್ಲ. ಇಷ್ಟು ಸರಳವಾದ ಮಾತು. ಅದು ಬರುವ ಮುಂಚೆ ಹೋದ ಜೀವಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಆ ಕಾಲದ ಒಂದು ಬಿಳಿ ಬಟ್ಟಲು ಕೈಗೆ ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಸುಡುವ ಬಗೆಯೂ ಕೇಳಿ. ಪಾತ್ರೆಗಳನ್ನು ಸ್ಯಾಗರ್ ಎಂಬ ಮಣ್ಣಿನ ಡಬ್ಬಗಳಲ್ಲಿ ಇಟ್ಟು ಒಂದರ ಮೇಲೊಂದು ಪೇರಿಸುತ್ತಿದ್ದರು. ಉಪ್ಪಿನ ಆವಿ ಒಳಗೆ ಹೋಗಲಿ ಎಂದು ಡಬ್ಬಗಳ ಮೈಯಲ್ಲಿ ತೂತು ಮಾಡಿರುತ್ತಿದ್ದರು. ಆವಿಗೆಯ ಸುತ್ತ ಅಟ್ಟಣೆ ಕಟ್ಟಿ, ಆಳುಗಳು ಮೇಲೆ ಹತ್ತಿ, ನೆತ್ತಿಯ ತೂತುಗಳಿಂದ ಸೌಟಿನಲ್ಲಿ ಉಪ್ಪು ಸುರಿಯುತ್ತಿದ್ದರು. ಬರ್ಸ್ಲಮ್ ಎಂಬ ಊರಿನಲ್ಲಿ ಶನಿವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಎಲ್ಲ ಆವಿಗೆಗಳಿಗೂ ಒಟ್ಟಿಗೇ ಉಪ್ಪು. ಬಿಳಿ ಹೊಗೆ ಎಷ್ಟು ದಟ್ಟ ಎಂದರೆ ಬೀದಿಯಲ್ಲಿ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರಂತೆ. ಊರಿಗೆ ಹೊಸಬರು ದಾರಿ ತಪ್ಪುತ್ತಿದ್ದರಂತೆ. 1829ರಲ್ಲಿ ಆ ಸೀಮೆಯ ಚರಿತ್ರೆ ಬರೆದವರೊಬ್ಬರು ಇದನ್ನು ದಾಖಲು ಮಾಡಿದ್ದಾರೆ. ನಾನು ಬರ್ಸ್ಲಮ್‌ನ ಬೀದಿಯಲ್ಲಿ ಎಷ್ಟೋ ಶನಿವಾರ ತರಕಾರಿ ಚೀಲ ಹಿಡಿದು ನಡೆದಿದ್ದೇನೆ. ಈಗ ಗಾಳಿ ತಿಳಿಯಾಗಿದೆ. ಊರು ಮಾತ್ರ ಸೊರಗಿದೆ, ಒಂದೊಂದಾಗಿ ಕಾರ್ಖಾನೆಗಳು ಮುಚ್ಚಿವೆ.

ಈ ತಟ್ಟೆ ನೋಡಿ. 1750, 60ರ ಸುಮಾರಿನದು. ಒಂದು ಮೂಲೆ ಹೋಗಿದೆ, 40 ಪೌಂಡಿಗೆ ಸಿಕ್ಕಿತು. ಇದನ್ನು ತಿಗರಿಯ ಮೇಲೆ ತಿರುಗಿಸಿ ಮಾಡಿಲ್ಲ. ಅಚ್ಚಿನ ಮೇಲೆ ಮಣ್ಣಿನ ಹಾಳೆ ಒತ್ತಿ ಮಾಡಿದ್ದು. ಅಂಚಿನಲ್ಲಿ ಬುಟ್ಟಿ ಹೆಣಿಗೆಯ ಕೆತ್ತನೆ, ಅದರ ಪಕ್ಕ ಚುಕ್ಕಿ ಚೌಕಳಿ, ಮತ್ತೆ ಬುಟ್ಟಿ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೊಂದು ಎಳೆಯೂ ಬೇರೆಯಾಗಿ ಕಾಣುತ್ತದೆ. ಮೂಲ ಅಚ್ಚು ಕೆತ್ತುವವರು ಬೇರೆಯೇ ಇರುತ್ತಿದ್ದರು. ಏರನ್ ವುಡ್ ಅನ್ನುವವರು ಆ ಕೆಲಸದಲ್ಲಿ ದೊಡ್ಡ ಹೆಸರು. ಅಚ್ಚಿನ ವಿದ್ಯೆ ಬಂದಮೇಲೆ ಕುಂಬಾರರ ಕಲ್ಪನೆ ಲಂಗುಲಗಾಮಿಲ್ಲದೆ ಓಡಿತು. ಮನೆಯ ಆಕಾರದ ಟೀಪಾಟ್, ಒಂಟೆಯ ಆಕಾರದ್ದು, ಶಂಖಚಿಪ್ಪಿನ ಆಕಾರದ್ದು. ಇಂಗ್ಲೆಂಡಿನ ನೌಕಾಪಡೆಯ ಅಡ್ಮಿರಲ್ ವರ್ನನ್ 1739ರಲ್ಲಿ ಸ್ಪೇನಿನವರ ಕೈಯಲ್ಲಿದ್ದ ಪೋರ್ಟೊಬೆಲೊ ಬಂದರು ಗೆದ್ದರೆ ಅದೂ ಟೀಪಾಟಿನ ಮೇಲೆ. ಆಗ ಇಂಗ್ಲೆಂಡಿಗೆ ಮಿತ್ರನಾಗಿದ್ದ ಪ್ರಷ್ಯದ ರಾಜ ಯುದ್ಧ ಗೆದ್ದರೆ ಅವನ ಜಯಘೋಷ ತಟ್ಟೆಯ ಅಂಚಿನಲ್ಲಿ. ಎತ್ತರದ ಬೆಂಚಿನ ಮೇಲೆ ಇಬ್ಬರೋ ಮೂವರೋ ಕೂತಿರುವ ಪುಟ್ಟ ಬೊಂಬೆಗಳೂ ಇವೆ. ಕಣ್ಣಿಗೆ ಎರಡು ಕಂದು ಮಣಿ, ಸುರುಳಿ ಕೂದಲು, ಅಷ್ಟೇ. ಅವು ತೀರಾ ಅಪರೂಪ. ಮ್ಯೂಸಿಯಂನಲ್ಲೇ ನೋಡಬೇಕು.

ಸ್ಕ್ರ್ಯಾಚ್ ಬ್ಲೂ ಎಂಬ ಬಗೆ ನನಗೆ ಎಲ್ಲಕ್ಕಿಂತ ಇಷ್ಟ. ಹಸಿ ಪಾತ್ರೆಯ ಮೇಲೆ ಮೊನೆಯಿಂದ ಹೂವು, ಬಳ್ಳಿ, ಹಕ್ಕಿ ಗೀರುವುದು. ಆ ಗೀರಿಗೆ ಕೋಬಾಲ್ಟ್ ನೀಲಿ ಪುಡಿ ತಿಕ್ಕುವುದು. ಮೇಲೆ ಉಳಿದದ್ದನ್ನು ಒರೆಸಿದರೆ ನೀಲಿ ಗೀರಿನಲ್ಲಿ ಮಾತ್ರ ಉಳಿಯುತ್ತದೆ. ಗೀರು ಎಳೆದವರ ಕೈ ಎಲ್ಲಿ ಓಡಿತು, ಎಲ್ಲಿ ತಡೆಯಿತು ಎಲ್ಲ ಗೊತ್ತಾಗುತ್ತದೆ. ನನ್ನ ಹತ್ತಿರ ಒಂದು ಪುಟ್ಟ ಟೀ ಬಟ್ಟಲು ಇದೆ. ಅದರ ಹೂವಿಗೆ ಆರನೇ ದಳಕ್ಕೆ ಜಾಗ ಸಾಲದೆ ಅರ್ಧ ದಳ ಹಾಕಿದ್ದಾರೆ. ರಂಗೋಲಿ ಹಾಕುವಾಗ ಅಂಗಳ ಮುಗಿದುಹೋದರೆ ನಮ್ಮ ಹೆಣ್ಣುಮಕ್ಕಳು ಹಾಗೇ ಸರಿತೂಗಿಸುತ್ತಾರೆ.

ಇಷ್ಟೆಲ್ಲ ಮೆರೆದ ಬಿಳಿ ಸಾಲ್ಟ್ ಗ್ಲೇಜ್ ಒಂದು ತಲೆಮಾರಿನಲ್ಲಿ ಮೂಲೆಗೆ ಸರಿಯಿತು. ಅದರ ಒರಟು ಮೈಗೆ ಬೆಳ್ಳಿ ಚಮಚಗಳು ಸವೆಯುತ್ತಿದ್ದವು. ಬೆಲೆಯೂ ಬಿದ್ದುಹೋಗಿತ್ತು. ಕುಂಬಾರರು ಇನ್ನು ಇದರ ಮೇಲೆ ಖರ್ಚು ಮಾಡಲಾರರು ಎಂದು ಅದೇ ವೆಜ್‌ವುಡ್ ಮನೆತನದ ಕುಂಬಾರ ಜೋಸಾಯ ವೆಜ್‌ವುಡ್ 1759ರಲ್ಲಿ ಶುರು ಮಾಡಿದ ತಮ್ಮ ಪ್ರಯೋಗದ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅವರು ಕೆನೆ ಬಣ್ಣದ, ನುಣ್ಣನೆಯ ಪಾತ್ರೆಯನ್ನು ಹದಕ್ಕೆ ತಂದರು. 1765ರಲ್ಲಿ ರಾಣಿ ಷಾರ್ಲೆಟ್ ಅದನ್ನು ತರಿಸಿಕೊಂಡಳು. ರಾಣಿಯ ಮನೆಗೆ ಹೋದದ್ದು ಎಲ್ಲರಿಗೂ ಬೇಕಾಯಿತು.

ಕಂದು ಬಗೆ ಮಾತ್ರ ಗಟ್ಟಿಯಾಗಿ ನಿಂತಿತು. ಅದು ದುಡಿಯುವ ಪಾತ್ರೆ ನೋಡಿ, ಅದಕ್ಕೆ ಫ್ಯಾಷನ್ ಚಿಂತೆಯಿಲ್ಲ. ಲಂಡನ್ನಿನ ಲ್ಯಾಂಬೆತ್‌ನಲ್ಲಿ 1815ರಲ್ಲಿ ಜಾನ್ ಡೌಲ್ಟನ್ ಒಂದು ಸಣ್ಣ ಕಾರ್ಖಾನೆಯಲ್ಲಿ ಪಾಲು ತೆಗೆದುಕೊಂಡರು. ಅವರ ಮಗ ಹೆನ್ರಿ 1846ರಲ್ಲಿ ಚರಂಡಿ ಪೈಪು ಮಾಡಲು ಶುರು ಮಾಡಿದರು. ಕಾಲರಾದಿಂದ ತತ್ತರಿಸಿದ್ದ ಊರಿಗೆ ಸೋರದ ಪೈಪು ಬೇಕಿತ್ತು. ನಾನು ಮೊದಲು ಕೈಗೆ ಕೊಟ್ಟೆನಲ್ಲ, ಆ ಮೈಸೂರಿನ ಚೂರು ಅದೇ ವಂಶದ್ದು. ನಮ್ಮ ದೇಶದ ಐಎಸ್ 651 ಎಂಬ ಮಾನದಂಡ ಇಂಥ ಸ್ಟೋನ್‌ವೇರ್ ಪೈಪುಗಳಿಗಾಗಿಯೇ ಇರುವುದು. ಪೈಪಿನಲ್ಲಿ ಬಂದ ದುಡ್ಡಿನಿಂದ ಹೆನ್ರಿ ಡೌಲ್ಟನ್ ಪಕ್ಕದ ಕಲಾಶಾಲೆಯ ಹುಡುಗ ಹುಡುಗಿಯರಿಗೆ ಕೆಲಸ ಕೊಟ್ಟರು. ಹ್ಯಾನಾ ಬಾರ್ಲೋ 1871ರಲ್ಲಿ ಸೇರಿದರು. ಹಸಿ ಹೂದಾನಿಯ ಮೇಲೆ ಕುದುರೆ, ಹಸು, ಜಿಂಕೆಗಳನ್ನು ನೇರವಾಗಿ ಗೀರುತ್ತಿದ್ದರು. ಆ ಪಾತ್ರೆಗಳ ಬುಡದಲ್ಲಿ ಕಾರ್ಖಾನೆಯ ಮುದ್ರೆಯ ಜೊತೆ ಅವರ ಹೆಸರಿನ ಮೊದಲಕ್ಷರಗಳನ್ನು ಹೆಣೆದ ಗುರುತೂ ಇರುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಈ ಕಾಲದ ಪಾತ್ರೆಗಳೇ ಸುಲಭ. ಯಾರು ಮಾಡಿದ್ದು ಎಂದು ಪಾತ್ರೆಯೇ ಹೇಳುತ್ತದೆ. ಲ್ಯಾಂಬೆತ್ ಕಾರ್ಖಾನೆ 1956ರಲ್ಲಿ ಮುಚ್ಚಿತು. ಹೊಗೆ ತಡೆಯುವ ಕಾಯ್ದೆ ಬಂದದ್ದೂ ಅದೇ ವರ್ಷ.

ಕೂಡಿಡುವವರು ಎಂದರೆ ಹೇಗಿರಬೇಕು ಎಂದು ನನಗೆ ತೋರಿಸಿದವರು ಕೇಂಬ್ರಿಜ್‌ನ ಜೆ. ಡಬ್ಲ್ಯು. ಎಲ್. ಗ್ಲೇಷರ್. ಅವರನ್ನು ನಾನು ನೋಡಿದ್ದಲ್ಲ, 1928ರಲ್ಲೇ ತೀರಿಕೊಂಡರು. ಗಣಿತದ ಮೇಷ್ಟ್ರು, ಟ್ರಿನಿಟಿ ಕಾಲೇಜಿನವರು. ನಮ್ಮ ಶ್ರೀನಿವಾಸ ರಾಮಾನುಜನ್ ಅಲ್ಲಿದ್ದಾಗ ಗ್ಲೇಷರ್ ಕೂಡ ಅದೇ ಕಾಲೇಜಿನಲ್ಲಿದ್ದರು. ರಾಮಾನುಜನ್ ಅವರ ಕೆಲವು ಲೇಖನಗಳು ಅಚ್ಚಾದದ್ದು ಗ್ಲೇಷರ್ ಸಂಪಾದಕರಾಗಿದ್ದ ಪತ್ರಿಕೆಗಳಲ್ಲೇ. ಆ ಗಣಿತದ ಜೊತೆಗೇ ಅವರು ಇಂಗ್ಲೆಂಡಿನ ಮಣ್ಣಿನ ಪಾತ್ರೆಗಳನ್ನು ಸಾವಿರಗಟ್ಟಲೆ ಕೂಡಿಟ್ಟರು. ಯಾವುದನ್ನು ಯಾವಾಗ, ಯಾರಿಂದ, ಎಷ್ಟಕ್ಕೆ ಕೊಂಡೆ ಎಂದು ಬರೆದಿಟ್ಟರು. ಎಲ್ಲವನ್ನೂ ಫಿಟ್ಸ್‌ವಿಲಿಯಂ ಮ್ಯೂಸಿಯಂಗೆ ಬಿಟ್ಟುಹೋದರು. ನಾನೂ ಅವರನ್ನು ನೋಡಿ ಒಂದು ನೋಟ್‌ಬುಕ್ ಇಟ್ಟೆ. ಪಾತ್ರೆ ಎಲ್ಲಿಂದ ಬಂತು ಎನ್ನುವ ಮಾತು ಒಮ್ಮೆ ಕಳೆದುಹೋದರೆ ಮತ್ತೆ ಸಿಗುವುದಿಲ್ಲ.

ಕೊಳ್ಳುವಾಗಿನ ಎಚ್ಚರದ ಬಗ್ಗೆ ಹೇಳಬೇಕು. ಇದನ್ನು ನನ್ನ ನಷ್ಟದಿಂದಲೇ ಹೇಳುತ್ತೇನೆ. ಮೂರನೇ ವರ್ಷದಲ್ಲಿ ಒಂದು ಸಂತೆಯಲ್ಲಿ ಬೇಟೆಯ ಚಿತ್ರಗಳಿರುವ ಕಂದು ಹೂಜಿ ಕಂಡೆ. ನಾಯಿಗಳು, ಕುದುರೆ ಸವಾರ, ಗಾಳಿಯಂತ್ರ ಎಲ್ಲ ಉಬ್ಬಾಗಿ ಅಂಟಿಸಿದ್ದು. ಒಂದು ಬಿರುಕೂ ಇಲ್ಲ ಎಂದರು ಮಾರುವವರು. ಕೈಯಲ್ಲಿದ್ದ ದುಡ್ಡೆಲ್ಲ ಕೊಟ್ಟು ತಂದೆ. ಮನೆಯಲ್ಲಿ ಬೆಚ್ಚಗಿನ ನೀರಿನಲ್ಲಿ ತೊಳೆದಾಗ ಬಾಯಿಯ ಹತ್ತಿರ ಬಣ್ಣ ಮೆತ್ತಗಾಯಿತು. ಅಂಗೈ ಅಗಲದ ಚೂರು ಬಿದ್ದುಹೋಗಿತ್ತು, ಅದನ್ನು ಪ್ಲಾಸ್ಟರಿನಲ್ಲಿ ತುಂಬಿ ಬಣ್ಣ ಹೊಡೆದಿದ್ದರು. ರಿಪೇರಿ ಮಾಡಿದ್ದು ತಪ್ಪಲ್ಲ. ಅದನ್ನು ಹೇಳದೆ ಮಾರಿದ್ದು ತಪ್ಪು. ತುಂಬಾ ದಿನ ಸಂಕಟಪಟ್ಟೆ.

ಆಮೇಲೆ ಕಲಿತದ್ದು ಇದು. ಸುಟ್ಟ ಗಾಜಿನ ಮೈ ಯಾವಾಗಲೂ ತಣ್ಣಗಿರುತ್ತದೆ. ಬಣ್ಣ ಹೊಡೆದ ಜಾಗ ಸ್ವಲ್ಪ ಬೆಚ್ಚಗೆ, ಸ್ವಲ್ಪ ಜಿಡ್ಡಾಗಿ ತಾಗುತ್ತದೆ. ಬೆರಳಿಗೆ ಗೊತ್ತಾಗದಿದ್ದರೆ ತುಟಿಗೆ, ಕೆನ್ನೆಗೆ ಗೊತ್ತಾಗುತ್ತದೆ. ಅಂಚನ್ನು ಮೆಲ್ಲಗೆ ಹಲ್ಲಿಗೆ ತಾಗಿಸಿದರೆ ಸ್ಟೋನ್‌ವೇರ್ ಟಿಣ್ ಅನ್ನುತ್ತದೆ, ತುಂಬಿದ ಜಾಗ ಮೊಂಡಾಗಿ ಕೇಳುತ್ತದೆ. ನೇರಳಾತೀತ ಕಿರಣದ ಸಣ್ಣ ಟಾರ್ಚ್ ಸಿಗುತ್ತದೆ. ಕತ್ತಲಲ್ಲಿ ಹಿಡಿದರೆ ಹೊಸ ಬಣ್ಣದ ತೇಪೆ ಬೇರೆಯಾಗಿ ಎದ್ದು ಕಾಣುತ್ತದೆ. ತಟ್ಟೆಯನ್ನು ಮೂರು ಬೆರಳ ತುದಿಯ ಮೇಲೆ ಇಟ್ಟು ಉಗುರಿನಿಂದ ಮೀಟಿ. ಬಿರುಕಿದ್ದರೆ ನಾದ ಸತ್ತಿರುತ್ತದೆ. ನಮ್ಮಜ್ಜಿ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು ಕೇಳುತ್ತಿದ್ದರು. ಆ ಹೂಜಿಯನ್ನು ಕೊಳ್ಳುವ ದಿನ ನನಗೆ ಅಜ್ಜಿಯ ನೆನಪು ಬರಬೇಕಿತ್ತು.

ಇಂಥ ಬೇಟೆ ಹೂಜಿಗಳನ್ನು 20ನೇ ಶತಮಾನದಲ್ಲೂ ಮಾಡುತ್ತಿದ್ದರು. ಹಾಗಾಗಿ ಹಳೆಯ ಚಿತ್ರ ಇದ್ದ ಮಾತ್ರಕ್ಕೆ ಪಾತ್ರೆ ಹಳೆಯದಲ್ಲ. ಬುಡ ತಿರುಗಿಸಿ ನೋಡಿ. ನೂರಾರು ವರ್ಷ ಕಲ್ಲಿನ ಮೇಲೆ, ಮರದ ಮೇಲೆ ಕೂತ ಬುಡ ಅಲ್ಲಲ್ಲಿ ನುಣ್ಣಗೆ, ಅಲ್ಲಲ್ಲಿ ಒರಟಾಗಿ ಸವೆದಿರುತ್ತದೆ. ಹಳೆಯದಾಗಿ ಕಾಣಲಿ ಎಂದು ಉಪ್ಪುಕಾಗದದಲ್ಲಿ (ಸ್ಯಾಂಡ್‌ಪೇಪರಿನಲ್ಲಿ) ಉಜ್ಜಿದ ಬುಡ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಥೇಮ್ಸ್ ನದಿಯ ದಡದ ಕೆಸರಿನಲ್ಲಿ ಬೆಲರ್ಮಿನ್ ಗಡ್ಡದ ಚೂರುಗಳು ಇವತ್ತಿಗೂ ಸಿಗುತ್ತವೆ. ಆದರೆ ಪರವಾನಗಿ ಇಲ್ಲದೆ ಅಲ್ಲಿ ಹುಡುಕುವ ಹಾಗಿಲ್ಲ. ದಯವಿಟ್ಟು ನೆನಪಿಡಿ. ನಿಮ್ಮ ಮಕ್ಕಳು ಆ ಕಡೆ ಇದ್ದು, ಅವರನ್ನು ನೋಡಲು ಹೋದರೆ ಲಂಡನ್ನಿನ ಜೊತೆ ಸ್ಟೋಕ್-ಆನ್-ಟ್ರೆಂಟ್‌ನ ಪಾಟರೀಸ್ ಮ್ಯೂಸಿಯಂಗೂ ಒಂದು ದಿನ ಕೊಡಿ. ಬಿಳಿ ಸಾಲ್ಟ್ ಗ್ಲೇಜ್ ಅದು ಹುಟ್ಟಿದ ಊರಿನಲ್ಲೇ ನೋಡಲು ಸಿಗುತ್ತದೆ.

ಮಾತು ಮುಗಿಯುವ ಮುಂಚೆಯೇ ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ. ಮನೆಯಲ್ಲಿರುವ ಉಪ್ಪಿನಕಾಯಿ ಜಾಡಿ, ಮೇಲೆ ಕಂದು ಕೆಳಗೆ ಬಿಳಿ, ಅದೂ ಇದೇ ಬಗೆಯಾ ಎಂದು. ಅಮ್ಮಾ, ಅದೂ ಸ್ಟೋನ್‌ವೇರೇ, ಆದರೆ ಸಾಮಾನ್ಯವಾಗಿ ಸಾಲ್ಟ್ ಗ್ಲೇಜ್ ಅಲ್ಲ. ಸುಮಾರು 1835ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಉಪ್ಪಿಲ್ಲದೆ ಅದ್ದಿ ತೆಗೆಯುವ ಒಂದು ಗ್ಲೇಜ್ ಬಂತು. ಅಲ್ಲಿಯ ಜಾಡಿಗಳೂ ಮೇಲೆ ಜೇನು ಬಣ್ಣ, ಕೆಳಗೆ ಕೆನೆ ಬಣ್ಣ. ನಿಮ್ಮ ಜಾಡಿಯ ನೋಟ ಅದಕ್ಕೆ ಹತ್ತಿರ. ಮುಟ್ಟಿ ನೋಡಿ, ಕಿತ್ತಳೆ ಸಿಪ್ಪೆ ಸಿಗುವುದಿಲ್ಲ, ನುಣ್ಣಗಿರುತ್ತದೆ. ಜಾಡಿಯನ್ನು ಮಾತ್ರ ಯಾರಿಗೂ ಕೊಡಬೇಡಿ.

ಇನ್ನೊಂದು ಪ್ರಶ್ನೆ, ಮುರಿದದ್ದನ್ನು ಯಾಕೆ ಕೊಳ್ಳುತ್ತೀರಿ ಎಂದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವಲ್ಲ. ಮುನ್ನೂರು ವರ್ಷ ದೊಣ್ಣೆಯಿಂದ ಪೂರಾ ತಪ್ಪಿಸಿಕೊಂಡ ಪಾತ್ರೆಗೆ ಸಿರಿವಂತರ ಬೆಲೆ. ಸಂಬಳದವರಿಗೆ ಮುರಿದದ್ದೇ ಸಿಗುವುದು. ಮುರಿದ ಅಂಚಿನಲ್ಲಿ ಮಣ್ಣಿನ ಒಳಗೂ ಕಾಣುತ್ತದೆ. ಗಾಜು ಎಲ್ಲಿ ಶುರುವಾಗುತ್ತದೆ, ಮಣ್ಣು ಎಲ್ಲಿ ಮುಗಿಯುತ್ತದೆ ಎಂದು ಗೆರೆ ಹುಡುಕಿದರೆ ಸಿಗುವುದಿಲ್ಲ. ಇಡೀ ಪಾತ್ರೆಯಲ್ಲಿ ಅದನ್ನು ನೋಡಲು ಆಗುವುದೇ ಇಲ್ಲ.

ಈಗ ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬನ್ನಿ. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟು ಬನ್ನಿ. ಕೂತುಕೊಂಡು, ಎರಡೂ ಕೈಯಲ್ಲಿ, ಮೇಜಿನಿಂದ ಜಾಸ್ತಿ ಎತ್ತರಕ್ಕೆ ಎತ್ತದೆ ಹಿಡಿಯಿರಿ. ಹೆಂಡದಂಗಡಿಯ ಆ ಮಗ್ಗಿನ ಹಿಡಿ ಮುರಿದಿದೆ ಎಂದೆನಲ್ಲ, ಅದರ ಕೆಳತುದಿ ಮಾತ್ರ ಮೈಗೆ ಅಂಟಿಕೊಂಡೇ ಇದೆ. ಹಿಡಿಯನ್ನು ಕೂಡಿಸುವಾಗ ಕುಂಬಾರ ಅಲ್ಲಿ ಹೆಬ್ಬೆರಳಿನಿಂದ ಒತ್ತಿದ್ದಾನೆ. ಆ ಗುಳಿಯ ಮೇಲೂ ಉಪ್ಪು ಕೂತಿದೆ. ನಿಮ್ಮ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿ.